ಪೋರ್ಟ್ ಹಿಡಿದು ಕುಳಿತವರು ಯಾರು? ಗಣಕಯಂತ್ರವನ್ನೇ ಕೇಳಿ

ಗದಗ: ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಎಂಜಿನಿಯರಿಂಗ್, ಬಿಸಿಎ ಅಥವಾ ಡಿಪ್ಲೊಮಾ ಓದುವ ಒಬ್ಬರಾದರೂ ಇಲ್ಲದ ಓಣಿ ಈಗ ಸಿಗುವುದು ಕಷ್ಟ. ಗದಗ ಮತ್ತು ಲಕ್ಷ್ಮೇಶ್ವರಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಮುಂಡರಗಿ, ಶಿರಹಟ್ಟಿಯ ಹುಡುಗ ಹುಡುಗಿಯರು ಅಲ್ಲಿಗೋ, ಹುಬ್ಬಳ್ಳಿಗೋ, ದಾವಣಗೆರೆಗೋ ಹೋಗುತ್ತಾರೆ. ಇವರೆಲ್ಲರ ಓದಿನಲ್ಲಿ ಒಂದಲ್ಲ ಒಂದು ದಿನ ತಪ್ಪದೇ ಎದುರಾಗುವ ಸಂಕಟವೊಂದಿದೆ. ನಿನ್ನೆ ರಾತ್ರಿ ಸರಿಯಾಗಿ ನಡೆದ ಪ್ರಾಜೆಕ್ಟು ಇಂದು ಬೆಳಿಗ್ಗೆ ಪರೀಕ್ಷಕರ ಎದುರು ಆರಂಭವೇ ಆಗುವುದಿಲ್ಲ. ಪರದೆಯ ಮೇಲೆ 'ಅಡ್ರೆಸ್ ಆಲ್‌ರೆಡಿ ಇನ್ ಯೂಸ್' ಎಂಬ ಒಂದು ಸಾಲು ಮೂಡುತ್ತದೆ. ವಿಳಾಸ ಈಗಾಗಲೇ ಬಳಕೆಯಲ್ಲಿದೆ ಎಂಬುದು ಅದರ ಅರ್ಥ.

ಬಳಸುತ್ತಿರುವವರು ಯಾರು ಎಂಬುದನ್ನು ಆ ಸಾಲು ಹೇಳುವುದಿಲ್ಲ. ಹೀಗಾಗಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತಾರೆ. ಗಣಕಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡುವುದು ಮೊದಲನೆಯದು. ಹಳೆಯ ಲ್ಯಾಪ್‌ಟಾಪಾದರೆ ಇಷ್ಟಕ್ಕೇ ಹತ್ತು ನಿಮಿಷ ಹೋಗುತ್ತದೆ, ಅಷ್ಟರಲ್ಲಿ ಪರೀಕ್ಷಕರು ಮುಂದಿನ ತಂಡದತ್ತ ತಿರುಗಿರುತ್ತಾರೆ. ಸಿಕ್ಕಿದ್ದನ್ನೆಲ್ಲ ಬಲವಂತವಾಗಿ ಮುಚ್ಚುವುದು ಎರಡನೆಯದು. ಎಲ್ಲವನ್ನೂ ಅಳಿಸಿ ಹೊಸದಾಗಿ ತಂತ್ರಾಂಶ ಅಳವಡಿಸುವುದು ಮೂರನೆಯದು. ಕೊನೆಯ ಎರಡು ದಾರಿಗಳಲ್ಲಿ ಒಂದು ಸೆಮಿಸ್ಟರಿನ ಶ್ರಮವೇ ಮಣ್ಣುಪಾಲಾಗುವ ಅಪಾಯವಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ವಾಸ್ತವದಲ್ಲಿ ಪೋರ್ಟ್ ಯಾರ ವಶದಲ್ಲಿದೆ ಎಂಬುದು ಗಣಕಯಂತ್ರಕ್ಕೆ ಯಾವಾಗಲೂ ತಿಳಿದಿರುತ್ತದೆ. ಕೇಳಿದರೆ ಅರೆ ನಿಮಿಷದಲ್ಲಿ ಹೇಳುತ್ತದೆ.

ಬಸ್ ನಿಲ್ದಾಣದ ಲೆಕ್ಕ

ಗಣಕಯಂತ್ರದ ಪರಿಚಯವಿಲ್ಲದ ಓದುಗರಿಗಾಗಿ ಮೊದಲು ಈ ಪೋರ್ಟ್ ಎಂದರೇನೆಂದು ನೋಡೋಣ. ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸವಿರುತ್ತದೆ. ಆದರೆ ಒಂದೇ ಯಂತ್ರದಲ್ಲಿ ಹತ್ತಾರು ತಂತ್ರಾಂಶಗಳು ಏಕಕಾಲಕ್ಕೆ ಕೆಲಸ ಮಾಡುತ್ತಿರುತ್ತವೆ. ಬಂದ ಕೋರಿಕೆಯನ್ನು ಇವುಗಳಲ್ಲಿ ಯಾವುದಕ್ಕೆ ಒಪ್ಪಿಸಬೇಕೆಂಬುದನ್ನು ಪೋರ್ಟ್ ಸಂಖ್ಯೆ ತೀರ್ಮಾನಿಸುತ್ತದೆ. ಗದಗ ಬಸ್ ನಿಲ್ದಾಣ ಒಂದೇ ಆದರೂ ಹುಬ್ಬಳ್ಳಿಯ ಬಸ್ಸು ನಿಲ್ಲುವ ಪ್ಲಾಟ್‌ಫಾರ್ಮ್ ಬೇರೆ, ಮುಂಡರಗಿಯ ಬಸ್ಸು ನಿಲ್ಲುವ ಪ್ಲಾಟ್‌ಫಾರ್ಮ್ ಬೇರೆ. ನಿಲ್ದಾಣ ಯಂತ್ರದ ವಿಳಾಸವಾದರೆ ಪ್ಲಾಟ್‌ಫಾರ್ಮಿನ ಸಂಖ್ಯೆಯೇ ಪೋರ್ಟ್. ಒಂದು ಪ್ಲಾಟ್‌ಫಾರ್ಮಿನಲ್ಲಿ ಒಂದು ಹೊತ್ತಿಗೆ ಒಂದೇ ಬಸ್ಸು ನಿಲ್ಲಬೇಕೆಂಬುದು ನಿಯಮ. ಚಾಲಕ ಇಳಿದು ಹೋದ ಖಾಲಿ ಬಸ್ಸೊಂದು ಅಲ್ಲೇ ನಿಂತುಬಿಟ್ಟಿದ್ದರೆ ಹಿಂದಿನಿಂದ ಬಂದ ಬಸ್ಸಿಗೆ ಜಾಗವಿರುವುದಿಲ್ಲ.

ಈ ಸಂಖ್ಯೆಗಳು 0ಯಿಂದ 65,535ರವರೆಗೆ ಇವೆ. ಪೋರ್ಟ್ ಸಂಖ್ಯೆಗೆಂದು 16 ಬಿಟ್‌ಗಳ ಜಾಗ ಮೀಸಲಾಗಿರುವುದೇ ಇದಕ್ಕೆ ಕಾರಣ. 1023ರವರೆಗಿನವು ಹೆಸರಾಂತ ಸೇವೆಗಳಿಗೆ ಮೀಸಲು. ಜಾಲತಾಣಗಳಿಗೆ 80, ಸುರಕ್ಷಿತ ಜಾಲತಾಣಗಳಿಗೆ 443. ಲಿನಕ್ಸ್‌ನಲ್ಲಿ ಸಾಮಾನ್ಯ ಬಳಕೆದಾರ ಈ ಕೆಳಗಿನ ಸಂಖ್ಯೆಗಳನ್ನು ಹಿಡಿಯುವಂತಿಲ್ಲ, ಅದಕ್ಕೆ ಆಡಳಿತಾಧಿಕಾರ ಬೇಕು. 1024ರಿಂದ 49,151ರವರೆಗಿನವನ್ನು ನೋಂದಾಯಿಸಿಕೊಳ್ಳಬಹುದು. ಅದರಾಚೆಯವು ತಾತ್ಕಾಲಿಕ ಬಳಕೆಗೆ. ಸಂಖ್ಯೆಗಳ ದಫ್ತರವನ್ನು ಇಡುವ ಸಂಸ್ಥೆಯ ಹೆಸರು ಐಯಾನಾ. 1995ರಲ್ಲಿ ಫಿನ್ಲೆಂಡಿನ ಟಾಟು ಇಲೋನೆನ್ ಎಂಬಾತ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ತಂತ್ರಾಂಶ ಬರೆದಾಗ, 21 ಮತ್ತು 23ರ ನಡುವೆ ಖಾಲಿಯಿದ್ದ 22ನ್ನು ಕೊಡಿರೆಂದು ಈ ಸಂಸ್ಥೆಗೆ ಒಂದು ಇ-ಮೇಲ್ ಬರೆದು ಕೇಳಿ ಪಡೆದುಕೊಂಡ. ಇಂದಿಗೂ ಲೋಕದ ಸರ್ವರುಗಳು ಅದನ್ನೇ ಬಳಸುತ್ತಿವೆ.

ಇಲ್ಲೊಂದು ಮಾತು. ಪೋರ್ಟ್ ಎಂಬುದಕ್ಕೆ ಕನ್ನಡದಲ್ಲಿ ಕೆಲವರು 'ಬಂದರು' ಎಂದೂ 'ರೇವು' ಎಂದೂ ಬರೆಯುವುದುಂಟು. ಇದು ಹಡಗು ನಿಲ್ಲುವ ತಾಣವಲ್ಲ, ಒಳಹೋಗುವ ಬಾಗಿಲು. ಆದ್ದರಿಂದ 'ದ್ವಾರ' ಎಂದರೆ ಹೆಚ್ಚು ಹೊಂದುತ್ತದೆ. ಆದರೆ ಬಳಕೆಯಲ್ಲಿ ಪೋರ್ಟ್ ಎಂದೇ ನಿಂತುಹೋಗಿದೆ. ಕವಿರಾಜಮಾರ್ಗವು ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿನ ಪ್ರಯೋಗಾಲಯದಲ್ಲಿ ಕುಳಿತ ವಿದ್ಯಾರ್ಥಿಗೂ ದೋಷದ ಸಂದೇಶ ಕಾಣುವುದು ಇಂಗ್ಲಿಷಿನಲ್ಲೇ. ಆಜ್ಞೆಗಳೂ ಇಂಗ್ಲಿಷಿನವೇ. ಮುಂದೆ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಆಜ್ಞೆಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆದುಕೊಳ್ಳಬೇಕು.

ಒಂದೇ ಸಂಖ್ಯೆಗೆ ಎಲ್ಲರ ನೂಕುನುಗ್ಗಲು

ಅರವತ್ತೈದು ಸಾವಿರಕ್ಕೂ ಹೆಚ್ಚು ಪೋರ್ಟುಗಳಿರುವಾಗ ಘರ್ಷಣೆಯೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಸರಳ. ತಂತ್ರಾಂಶ ಬರೆಯುವಾಗ ಬಳಸುವ ಅಭಿವೃದ್ಧಿ ಸರ್ವರುಗಳು ಬೆರಳೆಣಿಕೆಯ ಕೆಲವು ಸುಲಭ ಸಂಖ್ಯೆಗಳನ್ನೇ ಆರಿಸಿಕೊಂಡಿವೆ. ಜಾಂಗೋಗೆ 8000. ಫ್ಲಾಸ್ಕ್‌ಗೆ 5000. ಟಾಮ್‌ಕ್ಯಾಟ್‌ಗೆ 8080. ರಿಯಾಕ್ಟ್ ಮತ್ತು ನೋಡ್ ಪಾಠಗಳಲ್ಲಿ ರೂಢಿಗತವಾಗಿ 3000. ಜುಪಿಟರ್ ನೋಟ್‌ಬುಕ್‌ಗೆ 8888. ದತ್ತಸಂಚಯಗಳಲ್ಲಿ ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432. ವೀಟ್ ಎಂಬ ಸಾಧನ ಮೊದಲು 3000ವನ್ನೇ ಬಳಸುತ್ತಿತ್ತು. 2022ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ 5173ಕ್ಕೆ ಬದಲಾಯಿತು. ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನೇ ಅದು ಅಂಕಿಗಳಾಗಿ ಬರೆದುಕೊಂಡಿದೆ. ರೋಮನ್ ಐದು 'ವಿ' ಆಗುತ್ತದೆ ಎಂದರೆ ಉಳಿದದ್ದನ್ನು ಓದುಗರೇ ಊಹಿಸಬಹುದು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2021ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗದ ಆರನೆಯ ಸೆಮಿಸ್ಟರಿಗೆ ಜಾಂಗೋ ಒಂದು ವಿಷಯವಾಗಿ ಬಂತು. ಅದಕ್ಕೂ ಹಿಂದಿನ 2018ರ ಪಠ್ಯಕ್ರಮದಲ್ಲಿ ಐದನೆಯ ಸೆಮಿಸ್ಟರಿನ ದತ್ತಸಂಚಯ ಪ್ರಯೋಗಾಲಯಕ್ಕೆ ಕಿರು ಪ್ರಾಜೆಕ್ಟು ಕಡ್ಡಾಯವಾಗಿತ್ತು. ಅಂದರೆ ಒಂದೇ ಲ್ಯಾಪ್‌ಟಾಪಿನಲ್ಲಿ ವರ್ಷದಿಂದ ವರ್ಷಕ್ಕೆ ಸರ್ವರುಗಳು ಒಂದರ ಮೇಲೊಂದು ಸೇರುತ್ತ ಹೋಗುತ್ತವೆ. ಹಳೆಯದನ್ನು ತೆಗೆದುಹಾಕುವವರು ವಿರಳ. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪು ಬಂದ್ ಆಯಿತೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಅದು ಮಲಗಿರುತ್ತದಷ್ಟೇ. ಮರುದಿನ ಎಚ್ಚರವಾದಾಗ ನಿನ್ನೆಯ ಸರ್ವರೂ ಎಚ್ಚರವಾಗುತ್ತದೆ, ತನ್ನ ಪೋರ್ಟಿನ ಸಮೇತ.

ವಿಂಡೋಸ್‌ನಲ್ಲಿ ಕೇಳುವ ಬಗೆ

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ನೆಟ್‌ಸ್ಟ್ಯಾಟ್' ಎಂದು ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ, ಅದಕ್ಕೆ ತಾಗಿದಂತೆ 'ಎ, ಎನ್, ಒ' ಎಂಬ ಮೂರು ಅಕ್ಷರ ಸೇರಿಸಬೇಕು. ಎಲ್ಲ ಸಂಪರ್ಕಗಳನ್ನೂ ತೋರಿಸು ಎಂಬುದು ಮೊದಲನೆಯದರ ಅರ್ಥ. ಹೆಸರಿನ ಬದಲು ಸಂಖ್ಯೆಯಲ್ಲಿ ತೋರಿಸು ಎಂಬುದು ಎರಡನೆಯದು. ಒಡೆಯನ ಸಂಖ್ಯೆಯನ್ನೂ ಹೇಳು ಎಂಬುದು ಮೂರನೆಯದು. ಬರುವ ಉದ್ದನೆಯ ಪಟ್ಟಿಯಲ್ಲಿ ಎರಡನೆಯ ಅಂಕಣವನ್ನು ನೋಡಿ. ಅಲ್ಲಿ ವಿಳಾಸದ ಕೊನೆಗೆ ಎರಡು ಚುಕ್ಕೆಯ ನಂತರ ಇರುವುದು ಪೋರ್ಟ್. ನಿಮಗೆ ಬೇಕಾದ ಸಂಖ್ಯೆಯೂ ಅದೇ ಸಾಲಿನಲ್ಲಿ 'ಲಿಸನಿಂಗ್' ಎಂಬ ಪದವೂ ಇದ್ದರೆ ಪೋರ್ಟ್ ಹಿಡಿದವರು ಸಿಕ್ಕಂತೆಯೇ. ಸಾಲಿನ ಕೊನೆಯ ಅಂಕಿ ಪಿಐಡಿ, ಅಂದರೆ ಆ ತಂತ್ರಾಂಶದ ಚಾಲನೆಗೆ ವಿಂಡೋಸ್ ಕೊಟ್ಟ ಗುರುತಿನ ಸಂಖ್ಯೆ.

ಪಟ್ಟಿ ಉದ್ದವಾಯಿತೆಂದು 'ಫೈಂಡ್‌ಸ್ಟರ್' ಆಜ್ಞೆಯಿಂದ ಸೋಸುವವರು ಒಂದು ಎಚ್ಚರ ವಹಿಸಬೇಕು. 80 ಎಂದು ಹುಡುಕಿದರೆ 8000, 8080ಗಳೂ ಬರುತ್ತವೆ, ಪಿಐಡಿಯಲ್ಲಿ 80 ಇರುವ ಸಾಲುಗಳೂ ಬರುತ್ತವೆ. ಅವಸರದಲ್ಲಿ ಅಮಾಯಕ ತಂತ್ರಾಂಶವೊಂದು ಬಲಿಯಾಗುವುದು ಇಲ್ಲೇ. 'ಟೈಮ್ ವೇಟ್' ಎಂದಿರುವ, ಪಿಐಡಿ 0 ಆಗಿರುವ ಸಾಲುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅವು ಮುಗಿದುಹೋದ ಸಂಪರ್ಕಗಳ ನೆರಳುಗಳು, ಸ್ವಲ್ಪ ಹೊತ್ತಿನಲ್ಲಿ ತಾವಾಗಿಯೇ ಮರೆಯಾಗುತ್ತವೆ.

ಆಜ್ಞೆಗಳೆಂದರೆ ಅಂಜುವವರಿಗೆ ಕಿಟಕಿಯ ದಾರಿಯೂ ಉಂಟು. ಸ್ಟಾರ್ಟ್ ಮೆನುವಿನಲ್ಲಿ 'ರಿಸೋರ್ಸ್ ಮಾನಿಟರ್' ಎಂದು ಹುಡುಕಿ ತೆರೆದು, ನೆಟ್‌ವರ್ಕ್ ಪುಟದಲ್ಲಿ 'ಲಿಸನಿಂಗ್ ಪೋರ್ಟ್ಸ್' ವಿಭಾಗ ನೋಡಿದರೆ ತಂತ್ರಾಂಶದ ಹೆಸರು, ಪಿಐಡಿ, ಪೋರ್ಟ್ ಮೂರೂ ಒಂದೇ ಕಡೆ ಸಿಗುತ್ತವೆ. ವಿಂಡೋಸ್‌ನಲ್ಲೇ ಇರುವ ಈ ಸೌಲಭ್ಯ ಇಷ್ಟು ಕಡಿಮೆ ಜನರಿಗೆ ಗೊತ್ತಿರುವುದು ಅಚ್ಚರಿಯ ಸಂಗತಿ.

ಹೆಸರು ಸಿಕ್ಕಿತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 'ಪೈಥಾನ್', 'ನೋಡ್', 'ಜಾವಾ' ಎಂಬ ಹೆಸರು ಬಂದರೆ, ಊರಿನ ಫಲಕವಿಲ್ಲದೆ ಸಾರಿಗೆ ಸಂಸ್ಥೆಯ ಹೆಸರನ್ನಷ್ಟೇ ಹೊತ್ತ ಬಸ್ಸನ್ನು ನೋಡಿದಂತೆ. ಅದು ಲಕ್ಷ್ಮೇಶ್ವರಕ್ಕೆ ಹೋಗುವುದೋ ಶಿರಹಟ್ಟಿಗೋ ತಿಳಿಯದು. ಒಬ್ಬನೇ ವಿದ್ಯಾರ್ಥಿಯ ಯಂತ್ರದಲ್ಲಿ ಜುಪಿಟರ್ ನೋಟ್‌ಬುಕ್ ಕೂಡ ಪೈಥಾನೇ, ಜಾಂಗೋ ಕೂಡ ಪೈಥಾನೇ. ಗಂಟೆಗಟ್ಟಲೆ ನಡೆಯಬೇಕಾದ ಲೆಕ್ಕಾಚಾರವೊಂದು ನೋಟ್‌ಬುಕ್ಕಿನಲ್ಲಿ ಸಾಗಿರುವಾಗ ಅದನ್ನೇ ಮುಚ್ಚಿಬಿಟ್ಟರೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಆದ್ದರಿಂದ ಟಾಸ್ಕ್ ಮ್ಯಾನೇಜರಿನ 'ಡೀಟೇಲ್ಸ್' ಪುಟಕ್ಕೆ ಹೋಗಿ, ಅಂಕಣಗಳ ಶೀರ್ಷಿಕೆಯ ಮೇಲೆ ಬಲಗುಂಡಿ ಒತ್ತಿ, 'ಕಮಾಂಡ್ ಲೈನ್' ಎಂಬ ಅಂಕಣವನ್ನು ಸೇರಿಸಿಕೊಳ್ಳಬೇಕು. ಆ ತಂತ್ರಾಂಶವನ್ನು ಯಾವ ಕಡತದಿಂದ ಯಾವ ಆಜ್ಞೆ ಕೊಟ್ಟು ಚಾಲೂ ಮಾಡಲಾಗಿತ್ತು ಎಂಬುದು ಅಲ್ಲಿ ಕಾಣುತ್ತದೆ. ಬಸ್ಸಿನ ಊರಿನ ಫಲಕ ಅದೇ.

ಎರಡು ಮೈಎಸ್‌ಕ್ಯೂಎಲ್‌ಗಳ ಕಥೆ

ಹಾನಿ ಹೆಚ್ಚಾಗಿ ಸಂಭವಿಸುವುದು ದತ್ತಸಂಚಯದ ವಿಷಯದಲ್ಲಿ. ಆದ್ದರಿಂದ ಇದನ್ನು ತುಸು ವಿವರವಾಗಿ ಹೇಳುವುದು ಅಗತ್ಯ.

ಪಿಎಚ್‌ಪಿ ಪ್ರಾಜೆಕ್ಟುಗಳಿಗೆ ಬಹುತೇಕ ವಿದ್ಯಾರ್ಥಿಗಳು ಬಳಸುವುದು ಝ್ಯಾಂಪ್ ಎಂಬ ಉಚಿತ ಕಟ್ಟು. ಅದರಲ್ಲಿ ಜಾಲ ಸರ್ವರು ಅಪಾಚೆಯ ಜೊತೆಗೆ ದತ್ತಸಂಚಯವೂ ಇರುತ್ತದೆ. 2015ರಿಂದೀಚೆಗೆ ಅದು ಮೈಎಸ್‌ಕ್ಯೂಎಲ್ ಅಲ್ಲ, ಅದರಿಂದ ಕವಲೊಡೆದ ಮರಿಯಾಡಿಬಿ. ನಿಯಂತ್ರಣ ಫಲಕದ ಮೇಲೆ ಮಾತ್ರ ಹಳೆಯ ಹೆಸರೇ ಉಳಿದಿದೆ. ಈ ವಿದ್ಯಾರ್ಥಿ ಯಾವುದೋ ಪ್ರಯೋಗಕ್ಕೆಂದು ಒರಾಕಲ್ ಸಂಸ್ಥೆಯ ಮೈಎಸ್‌ಕ್ಯೂಎಲ್ಲನ್ನೂ ಪ್ರತ್ಯೇಕವಾಗಿ ಅಳವಡಿಸಿಕೊಂಡಿದ್ದಾನೆ ಎಂದಿಟ್ಟುಕೊಳ್ಳಿ. ಅದು ವಿಂಡೋಸ್ ಸೇವೆಯಾಗಿ ನೋಂದಣಿಯಾಗಿರುತ್ತದೆ. ಅಂದರೆ ಯಂತ್ರ ಚಾಲೂ ಆದೊಡನೆ ಯಾರೂ ಕೇಳದೆಯೇ ತಾನೂ ಚಾಲೂ ಆಗಿ 3306ನೇ ಪೋರ್ಟನ್ನು ಹಿಡಿದುಬಿಡುತ್ತದೆ. ನಂತರ ಝ್ಯಾಂಪ್‌ನ ಗುಂಡಿ ಒತ್ತಿದಾಗ ಅಲ್ಲಿನ ದತ್ತಸಂಚಯಕ್ಕೆ ಜಾಗವಿಲ್ಲ. ಕೆಂಪು ಅಕ್ಷರಗಳಲ್ಲಿ ದೋಷದ ಸಂದೇಶ ಬರುತ್ತದೆ.

ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಇಲ್ಲಿ ಏನೂ ಪ್ರಯೋಜನವಿಲ್ಲ ಎಂಬುದನ್ನು ಗಮನಿಸಬೇಕು. ಪ್ರತಿ ಸಲವೂ ಸೇವೆಯೇ ಮೊದಲು ಬರುತ್ತದೆ. ಇನ್ನೊಂದು ತೊಡಕೂ ಇದೆ. ಪ್ರಾಜೆಕ್ಟಿನ ಪುಟ ತೆರೆದರೆ ಅದು 3306ರಲ್ಲಿ ಸಿಕ್ಕ ದತ್ತಸಂಚಯಕ್ಕೇ ಹೋಗಿ ಮಾತಾಡುತ್ತದೆ. ಅದು ಬೇರೆಯವರ ಮನೆ. ಗುಪ್ತಪದ ತಪ್ಪು ಎಂದೋ, ಅಂಥ ದತ್ತಸಂಚಯ ಇಲ್ಲವೇ ಇಲ್ಲ ಎಂದೋ ಉತ್ತರ ಬರುತ್ತದೆ. ಮೂರು ತಿಂಗಳ ಮಾಹಿತಿಯೆಲ್ಲ ಅಳಿಸಿಹೋಯಿತೆಂದು ವಿದ್ಯಾರ್ಥಿ ಎದೆಯೊಡೆದುಕೊಳ್ಳುತ್ತಾನೆ. ಮಾಹಿತಿ ಎಲ್ಲಿಯೂ ಹೋಗಿಲ್ಲ, ಝ್ಯಾಂಪ್‌ನ ಕಡತಕೋಶದಲ್ಲಿ ಹಾಗೆಯೇ ಇದೆ. ಕಾವಲುಗಾರ ಬೇರೆಯಾಗಿದ್ದಾನೆ ಅಷ್ಟೇ.

ನಿಜವಾದ ನಷ್ಟ ಆಗುವುದು ಇದರ ನಂತರ. ಯಾರೋ ಹೇಳಿದರೆಂದು ದತ್ತಸಂಚಯದ ಕೋಶದಲ್ಲಿರುವ 'ಐಬಿಡೇಟಾ1' ಎಂಬ ಕಡತವನ್ನು ಅಳಿಸುವ ವಿದ್ಯಾರ್ಥಿಗಳಿದ್ದಾರೆ. ಅಳಿಸಿದ ಮೇಲೆ ಸರ್ವರು ಚಾಲೂ ಆಗಲೂಬಹುದು. ಆದರೆ ಕೋಷ್ಟಕಗಳ ಹೆಸರು ಕಂಡರೂ ಒಳಗಿನ ಮಾಹಿತಿ ತೆರೆಯುವುದಿಲ್ಲ. ಕೋಷ್ಟಕಗಳ ಲೆಕ್ಕ ಇರುವುದೇ ಆ ಕಡತದಲ್ಲಿ. ಪೋರ್ಟಿನ ಸಮಸ್ಯೆಗೆ ಕಡತ ಅಳಿಸುವುದು ಎಂದಿಗೂ ಪರಿಹಾರವಲ್ಲ. ಈ ಒಂದು ಮಾತನ್ನು ಪ್ರಯೋಗಾಲಯದ ಗೋಡೆಯ ಮೇಲೆ ಬರೆದು ಹಾಕಿದರೂ ತಪ್ಪಿಲ್ಲ.

ಸರಿಯಾದ ಕ್ರಮವೆಂದರೆ, ಮೊದಲು 3306ನ್ನು ಹಿಡಿದವರು ಯಾರೆಂದು ನೋಡುವುದು. ಝ್ಯಾಂಪ್‌ನ ನಿಯಂತ್ರಣ ಫಲಕದಲ್ಲೇ 'ನೆಟ್‌ಸ್ಟ್ಯಾಟ್' ಎಂಬ ಗುಂಡಿಯಿದೆ, ಅದನ್ನು ಒತ್ತಿದರೆ ಸಾಕು. ಅದು ವಿಂಡೋಸ್ ಸೇವೆಯೆಂದು ಗೊತ್ತಾದರೆ 'ಸರ್ವೀಸಸ್' ಕಿಟಕಿ ತೆರೆದು ಮೈಎಸ್‌ಕ್ಯೂಎಲ್ ಎಂದು ಆರಂಭವಾಗುವ ಹೆಸರನ್ನು ಹುಡುಕಿ, ಅಲ್ಲಿಂದಲೇ ಮರ್ಯಾದೆಯಾಗಿ ನಿಲ್ಲಿಸಬೇಕು. ಆರಂಭದ ಬಗೆಯನ್ನು 'ಮ್ಯಾನ್ಯುಯಲ್' ಎಂದು ಬದಲಿಸಿದರೆ ಮುಂದಿನ ಸಲ ಅದು ಹೇಳದೆ ಬರುವುದಿಲ್ಲ. ಎರಡೂ ಬೇಕೆಂದರೆ ಒಂದನ್ನು 3307ಕ್ಕೆ ಸ್ಥಳಾಂತರಿಸಬಹುದು. ಆಗ ಪ್ರಾಜೆಕ್ಟಿನ ಸಂಪರ್ಕದ ಸಾಲಿನಲ್ಲಿಯೂ ಪಿಎಚ್‌ಪಿಮೈಅಡ್ಮಿನ್‌ನ ಸಂರಚನೆಯಲ್ಲಿಯೂ ಹೊಸ ಸಂಖ್ಯೆ ಬರೆಯಲು ಮರೆಯಬಾರದು.

ಅಪಾಚೆಗೆ ಬೇಕಾದ 80ನೇ ಪೋರ್ಟಿನದು ಇದೇ ಬಗೆಯ ಹಳೆಯ ಜಗಳ. ಹಿಂದೊಮ್ಮೆ ಸ್ಕೈಪ್ ಈ ಪೋರ್ಟನ್ನು ಹಿಡಿದು ಕೂರುತ್ತಿತ್ತು. 2025ರ ಮೇ ತಿಂಗಳಲ್ಲಿ ಸ್ಕೈಪ್ ಸೇವೆಯೇ ನಿಂತುಹೋಯಿತು. ಈಗ ಪಟ್ಟಿಯಲ್ಲಿ ಪಿಐಡಿ 4, ಹೆಸರು 'ಸಿಸ್ಟಮ್' ಎಂದು ಕಂಡರೆ ಅದು ವಿಂಡೋಸ್‌ನ ತಿರುಳಿನಲ್ಲಿರುವ ಜಾಲಸೇವೆಯ ಕೆಲಸ. ಅದನ್ನು ಕೊಲ್ಲಲು ಹೋಗಬಾರದು, ಹೋದರೂ ಆಗದು. 'ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವೀಸ್' ನಡೆಯುತ್ತಿದ್ದರೆ ಅದನ್ನು ನಿಲ್ಲಿಸಿ ನೋಡಬೇಕು.

ದೋಷವೇ ಬಾರದ ಘರ್ಷಣೆ

ದೋಷದ ಸಂದೇಶ ಬಂದರೆ ಪುಣ್ಯ ಎನ್ನಬೇಕಾದ ಸಂದರ್ಭಗಳೂ ಇವೆ. ವಿಂಡೋಸ್‌ನಲ್ಲಿ ಪೈಥಾನಿನ ಕೆಲವು ಅಭಿವೃದ್ಧಿ ಸರ್ವರುಗಳನ್ನು ಒಂದೇ ಪೋರ್ಟಿನ ಮೇಲೆ ಎರಡು ಸಲ ಚಾಲೂ ಮಾಡಿದರೂ ಯಂತ್ರ ತಕರಾರು ತೆಗೆಯುವುದಿಲ್ಲ. ವಿಳಾಸವನ್ನು ಮರುಬಳಕೆ ಮಾಡು ಎಂದು ಈ ಸರ್ವರುಗಳು ಮೊದಲೇ ಕೇಳಿಕೊಳ್ಳುತ್ತವೆ. ಆ ಕೋರಿಕೆಯನ್ನು ಲಿನಕ್ಸ್ ಒಂದು ರೀತಿ ಅರ್ಥಮಾಡಿಕೊಂಡರೆ ವಿಂಡೋಸ್ ಇನ್ನೊಂದು ರೀತಿ ಅರ್ಥಮಾಡಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಎರಡನೆಯವನಿಗೆ ಪ್ರವೇಶವಿಲ್ಲ, ವಿಂಡೋಸ್‌ನಲ್ಲಿ ಉಂಟು. ಬಂದ ಕೋರಿಕೆ ಇಬ್ಬರಲ್ಲಿ ಯಾರಿಗೆ ಹೋಗುತ್ತದೆ ಎಂಬುದಕ್ಕೆ ಖಾತರಿಯಿಲ್ಲ.

ಇದರ ಪರಿಣಾಮ ವಿಚಿತ್ರವಾಗಿರುತ್ತದೆ. ವಿದ್ಯಾರ್ಥಿನಿ ಸಂಕೇತವನ್ನು ತಿದ್ದುತ್ತಾಳೆ, ಉಳಿಸುತ್ತಾಳೆ, ಪುಟವನ್ನು ಮತ್ತೆ ತೆರೆಯುತ್ತಾಳೆ, ಹಳೆಯ ಪುಟವೇ ಬರುತ್ತದೆ. ತಾನು ಬರೆದದ್ದರಲ್ಲೇ ದೋಷವಿದೆಯೆಂದು ಸರಿಯಾಗಿದ್ದ ಸಾಲುಗಳನ್ನೂ ಕೆಡಿಸುತ್ತ ಹೋಗುತ್ತಾಳೆ. ಉತ್ತರ ಕೊಡುತ್ತಿರುವುದು ಕಳೆದ ವಾರದ ಕೋಶದಿಂದ ಚಾಲೂ ಆಗಿ ಯಾವುದೋ ಮೂಲೆಯ ಕಿಟಕಿಯಲ್ಲಿ ಉಳಿದುಕೊಂಡ ಸರ್ವರು. ತಿದ್ದಿದ್ದು ಕಾಣುತ್ತಿಲ್ಲವೆಂದರೆ ಸಂಕೇತವನ್ನು ಶಂಕಿಸುವ ಮುನ್ನ ನೆಟ್‌ಸ್ಟ್ಯಾಟ್ ಪಟ್ಟಿಯಲ್ಲಿ ಆ ಪೋರ್ಟಿಗೆ ಎರಡು ಲಿಸನಿಂಗ್ ಸಾಲುಗಳಿವೆಯೇ, ಎರಡಕ್ಕೂ ಬೇರೆ ಬೇರೆ ಪಿಐಡಿ ಇದೆಯೇ ಎಂದು ನೋಡುವುದು ಒಳ್ಳೆಯದು. 'ಲೋಕಲ್‌ಹೋಸ್ಟ್' ಎಂಬ ಹೆಸರಿಗೆ ಹಳೆಯ ಪದ್ಧತಿಯ 127.0.0.1 ಎಂಬ ವಿಳಾಸವೂ ಹೊಸ ಆರನೇ ಆವೃತ್ತಿಯ ವಿಳಾಸವೂ ಇರುವುದರಿಂದ, ಒಂದೊಂದರ ಮೇಲೆ ಒಂದೊಂದು ಸರ್ವರು ನಿಂತು ಇದೇ ಗೊಂದಲ ಲಿನಕ್ಸ್‌ನಲ್ಲಿಯೂ ಆಗುವುದುಂಟು.

ಲಿನಕ್ಸ್ ಮತ್ತು ಮ್ಯಾಕ್

ಕಾಲೇಜುಗಳ ಉಬುಂಟು ಪ್ರಯೋಗಾಲಯಗಳಲ್ಲಿ ಕೇಳಬೇಕಾದ ಪ್ರಶ್ನೆ ಇದೇ, ಮಾತು ಬೇರೆ. 'ಎಲ್‌ಎಸ್‌ಒಎಫ್' ಎಂಬ ನಾಲ್ಕಕ್ಷರದ ಆಜ್ಞೆ, ಜಾಗ ಬಿಟ್ಟು ಅಡ್ಡಗೆರೆ ಮತ್ತು 'ಐ', ಮತ್ತೆ ಜಾಗ ಬಿಟ್ಟು ಎರಡು ಚುಕ್ಕೆಯೊಂದಿಗೆ ಪೋರ್ಟ್ ಸಂಖ್ಯೆ. ಅದು ಇಲ್ಲದಿದ್ದರೆ 'ಎಸ್‌ಎಸ್', ಅದಕ್ಕೆ ಅಡ್ಡಗೆರೆ ಹಾಕಿ 'ಎಲ್, ಟಿ, ಎನ್, ಪಿ'. ಮುಂದೆ 'ಸುಡೊ' ಸೇರಿಸದಿದ್ದರೆ ಬೇರೆ ಬಳಕೆದಾರರ ತಂತ್ರಾಂಶಗಳ ಹೆಸರು ಕಾಣುವುದಿಲ್ಲ. ಪೋರ್ಟ್ ತುಂಬಿದೆ ಎನ್ನುತ್ತದೆ, ಹಿಡಿದವರ ಹೆಸರಿನ ಜಾಗ ಖಾಲಿ. ಪಿಐಡಿ ದೊರೆತ ಮೇಲೆ ಲಿನಕ್ಸ್‌ನಲ್ಲಿ 'ಪಿಡಬ್ಲ್ಯುಡಿಎಕ್ಸ್' ಎಂದು ಬರೆದು ಆ ಸಂಖ್ಯೆ ಕೊಟ್ಟರೆ ಸರ್ವರು ಯಾವ ಕೋಶದಿಂದ ಚಾಲೂ ಆಗಿದೆ ಎಂಬುದನ್ನೇ ಹೇಳುತ್ತದೆ. ವಿಂಡೋಸ್‌ಗಿಂತ ಇದು ಸುಲಭ.

ಉಬುಂಟುವಿನಲ್ಲಿ ಪೋರ್ಟ್ ಸಿಕ್ಕಿಹಾಕಿಕೊಳ್ಳಲು ಅತಿ ಸಾಮಾನ್ಯ ಕಾರಣ ಎರಡು ಗುಂಡಿಗಳ ಗೊಂದಲ. ಸರ್ವರನ್ನು ನಿಲ್ಲಿಸಲು ಕಂಟ್ರೋಲ್ ಜೊತೆ 'ಸಿ' ಒತ್ತಬೇಕು. ಹಲವರು 'ಝಡ್' ಒತ್ತುತ್ತಾರೆ. ಪರದೆಯ ಮೇಲೆ 'ಸ್ಟಾಪ್ಡ್' ಎಂದೇ ಬರುವುದರಿಂದ ನಿಂತಿತೆಂದು ನಂಬುತ್ತಾರೆ. ಅದು ನಿಂತಿಲ್ಲ, ಇದ್ದಲ್ಲಿಯೇ ಹೆಪ್ಪುಗಟ್ಟಿದೆ, ಪೋರ್ಟನ್ನು ಬಿಟ್ಟುಕೊಟ್ಟಿಲ್ಲ. ಆಗ ಬ್ರೌಸರಿನಲ್ಲಿ ಪುಟ ತೆರೆದರೆ ದೋಷವೂ ಬರುವುದಿಲ್ಲ, ಪುಟವೂ ಬರುವುದಿಲ್ಲ, ಚಕ್ರ ಸುತ್ತುತ್ತಲೇ ಇರುತ್ತದೆ. ಅದೇ ಟರ್ಮಿನಲ್‌ನಲ್ಲಿ 'ಎಫ್‌ಜಿ' ಎಂದು ಬರೆದರೆ ಸರ್ವರು ಮರಳಿ ಮುನ್ನೆಲೆಗೆ ಬರುತ್ತದೆ. ಆಗ ಕಂಟ್ರೋಲ್ 'ಸಿ' ಒತ್ತಿ ನಿಲ್ಲಿಸಬಹುದು.

ಮ್ಯಾಕ್ ಗಣಕಗಳು ಈ ಭಾಗದ ವಿದ್ಯಾರ್ಥಿಗಳಲ್ಲಿ ಕಡಿಮೆಯಾದರೂ ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮವರ ಕೈಯಲ್ಲಿ ಇವೆ. 2021ರಲ್ಲಿ ಬಂದ ಮಾಂಟೆರೆ ಆವೃತ್ತಿಯಿಂದ ಏರ್‌ಪ್ಲೇ ರಿಸೀವರ್ ಎಂಬ ಸೌಲಭ್ಯ 5000ನೇ ಪೋರ್ಟನ್ನು ಹಿಡಿಯುತ್ತದೆ. ಫ್ಲಾಸ್ಕ್ ಕಲಿಯುವವರಿಗೆ ಇದರಿಂದ ತೊಂದರೆ. ಎಲ್‌ಎಸ್‌ಒಎಫ್ ಪಟ್ಟಿಯಲ್ಲಿ ಕಂಟ್ರೋಲ್ ಸೆಂಟರ್ ಎಂಬ ಹೆಸರು ಕಾಣುತ್ತದೆ. ಅದನ್ನು ಕೊಂದರೆ ಮತ್ತೆ ಹುಟ್ಟುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಏರ್‌ಪ್ಲೇ ರಿಸೀವರನ್ನು ಆರಿಸುವುದೇ ದಾರಿ.

ಮುಚ್ಚುವ ಮುನ್ನ

ಹಿಡಿದವರು ಯಾರೆಂದು ಖಚಿತವಾದ ಮೇಲೆ ಅವರ ಕಿಟಕಿಗೇ ಹೋಗಿ ಕಂಟ್ರೋಲ್ 'ಸಿ' ಒತ್ತುವುದು ಮೊದಲ ಪ್ರಯತ್ನವಾಗಬೇಕು. ಕಿಟಕಿ ಸಿಗದಿದ್ದರೆ ವಿಂಡೋಸ್‌ನಲ್ಲಿ 'ಟಾಸ್ಕ್‌ಕಿಲ್', ಲಿನಕ್ಸ್‌ನಲ್ಲಿ 'ಕಿಲ್' ಆಜ್ಞೆಗೆ ಪಿಐಡಿ ಕೊಡಬಹುದು. ವಿಂಡೋಸ್‌ನಲ್ಲಿ ಓರೆಗೆರೆಯೊಡನೆ 'ಎಫ್', ಲಿನಕ್ಸ್‌ನಲ್ಲಿ 'ಮೈನಸ್ 9' ಸೇರಿಸಿದರೆ ಬಲವಂತದ ಸಾವು. ಬರೆಯುತ್ತಿದ್ದ ಕಡತವನ್ನು ಪೂರ್ತಿ ಮಾಡಲೂ ಅವಕಾಶವಿರುವುದಿಲ್ಲ. ಪುಟ ತೋರಿಸುವ ಸರ್ವರಿಗೆ ಇದು ಪರವಾಗಿಲ್ಲ, ವಿಂಡೋಸ್‌ನಲ್ಲಿ ಕೆಲವೊಮ್ಮೆ ಅನಿವಾರ್ಯವೂ ಹೌದು. ದತ್ತಸಂಚಯಕ್ಕೆ ಮಾತ್ರ ಬೇಡ. ನಿನ್ನೆ ಬರೆದಿಟ್ಟುಕೊಂಡ ಪಿಐಡಿಯನ್ನು ಇಂದು ಬಳಸಲೂ ಬಾರದು. ಅದು ಪ್ರತಿ ಚಾಲನೆಗೂ ಬದಲಾಗುತ್ತದೆ, ಅದೇ ಸಂಖ್ಯೆ ಇಂದು ಬೇರೆ ಯಾರದೋ ಆಗಿರಬಹುದು.

ಕೊಂದರೂ ಸಾಯದ ಸರ್ವರುಗಳೂ ಇವೆ. ನೋಡ್‌ಮನ್‌ನಂಥ ಮೇಲ್ವಿಚಾರಕ ತಂತ್ರಾಂಶದ ಕೆಳಗೆ ನಡೆಯುತ್ತಿದ್ದರೆ ಮಗುವನ್ನು ಕೊಂದರೂ ಕಡತ ತಿದ್ದಿದೊಡನೆ ತಾಯಿ ಮತ್ತೊಂದನ್ನು ಹುಟ್ಟಿಸುತ್ತಾಳೆ. ಆಗ ತಾಯಿಯನ್ನೇ ನಿಲ್ಲಿಸಬೇಕು. ಪಟ್ಟಿಯಲ್ಲಿ ಡಾಕರ್‌ನ ಹೆಸರು ಕಂಡರೆ ಆ ಪಿಐಡಿಯನ್ನು ಮುಟ್ಟದೆ ಡಾಕರ್‌ನ ಆಜ್ಞೆಯಿಂದಲೇ ಸಂಬಂಧಪಟ್ಟ ಕಂಟೇನರನ್ನು ನಿಲ್ಲಿಸಬೇಕು.

ಪಟ್ಟಿ ನೋಡುವಾಗ ಇನ್ನೊಂದು ಸಂಗತಿಯನ್ನೂ ಗಮನಿಸಿದರೆ ಲಾಭವಿದೆ. ಪೋರ್ಟಿನ ಹಿಂದಿರುವ ವಿಳಾಸ 127.0.0.1 ಎಂದಿದ್ದರೆ ಆ ಸರ್ವರು ನಿಮ್ಮ ಯಂತ್ರಕ್ಕಷ್ಟೇ ಸೀಮಿತ. 0.0.0.0 ಎಂದಿದ್ದು, ಫೈರ್‌ವಾಲ್ ತಡೆಯದಿದ್ದರೆ, ಹಾಸ್ಟೆಲ್ಲಿನ ಅದೇ ವೈಫೈಯಲ್ಲಿರುವ ಯಾರು ಬೇಕಾದರೂ ಅದನ್ನು ತಲುಪಬಹುದು. ಮೊಬೈಲಿನಲ್ಲಿ ಪುಟ ನೋಡಬೇಕೆಂದು ಒಂದು ದಿನ ಹಾಗೆ ತೆರೆದವರು ಮುಚ್ಚಲು ಮರೆಯುತ್ತಾರೆ. ದೋಷ ಪರಿಶೀಲನೆಯ ಸ್ಥಿತಿಯಲ್ಲಿರುವ ಜಾಂಗೋ ಸರ್ವರು ತಪ್ಪಾದಾಗ ಒಳಗಿನ ಸಂರಚನೆಯ ವಿವರಗಳನ್ನು ಪುಟದ ಮೇಲೆಯೇ ಹರಡುತ್ತದೆ. ಅಭಿವೃದ್ಧಿ ಸರ್ವರುಗಳನ್ನು ಬರೆದವರೇ ಅವನ್ನು ಸಾರ್ವಜನಿಕ ಬಳಕೆಗೆ ಇಡಬೇಡಿರೆಂದು ಚಾಲೂ ಮಾಡುವಾಗಲೇ ಎಚ್ಚರಿಸುತ್ತಾರೆ. ಆ ಸಾಲನ್ನು ಓದುವವರು ಕಡಿಮೆ.

ಬೇರೆ ಪೋರ್ಟಿಗೆ ಹೋದರೆ

ಜಗಳವೇ ಬೇಡವೆಂದು ಬೇರೆ ಪೋರ್ಟಿಗೆ ಹೋಗುವುದೂ ಉಂಟು. ಜಾಂಗೋ ಸರ್ವರು ಚಾಲೂ ಮಾಡುವ ಆಜ್ಞೆಯ ಕೊನೆಗೆ 8001 ಎಂದು ಬರೆದರೆ ಸಾಕು. ವೀಟ್ ತಾನಾಗಿಯೇ ಮುಂದಿನ ಸಂಖ್ಯೆಗೆ ಹೋಗುತ್ತದೆ. ಈ ಸೌಜನ್ಯವೇ ಕೆಲವೊಮ್ಮೆ ಮುಳುವಾಗುತ್ತದೆ. ಸರ್ವರು 5174ಕ್ಕೆ ಹೋಗಿರುತ್ತದೆ, ಬ್ರೌಸರಿನಲ್ಲಿ ಹಳೆಯ 5173 ತೆರೆದಿರುತ್ತದೆ. ಚಾಲೂ ಮಾಡಿದಾಗ ಪರದೆಯ ಮೇಲೆ ಬರುವ ವಿಳಾಸವನ್ನು ಪ್ರತಿ ಸಲ ಓದಬೇಕು.

ದೋಷದ ಸಂಖ್ಯೆಯನ್ನೂ ನೋಡಬೇಕು. ವಿಂಡೋಸ್‌ನಲ್ಲಿ 10048, ಲಿನಕ್ಸ್‌ನಲ್ಲಿ 98, ಮ್ಯಾಕ್‌ನಲ್ಲಿ 48 ಎಂದು ಬಂದರೆ ಪೋರ್ಟ್ ಬೇರೆಯವರ ವಶದಲ್ಲಿದೆ ಎಂದರ್ಥ. ವಿಂಡೋಸ್‌ನಲ್ಲಿ 10013 ಬಂದರೆ ಅನುಮತಿಯಿಲ್ಲ ಎಂದರ್ಥ. ನೆಟ್‌ಸ್ಟ್ಯಾಟ್ ಪಟ್ಟಿಯಲ್ಲಿ ಆಗ ಯಾರೂ ಕಾಣದೇ ಇರಬಹುದು. ಹೈಪರ್-ವಿ ಮುಂತಾದವುಗಳಿಗಾಗಿ ವಿಂಡೋಸ್ ಕೆಲವು ಪೋರ್ಟುಗಳ ಸಾಲನ್ನೇ ಕಾಯ್ದಿರಿಸಿರುತ್ತದೆ, ನಿಮ್ಮ ಸಂಖ್ಯೆ ಅದರೊಳಗೆ ಬಿದ್ದಿರುವ ಸಾಧ್ಯತೆ ಹೆಚ್ಚು. ಅಂಥಲ್ಲಿ ಕೊಲ್ಲಲು ಯಾರೂ ಇಲ್ಲ, ಬೇರೆ ಪೋರ್ಟ್ ಆರಿಸುವುದೇ ಸರಿ.

ಆರಿಸುವಾಗ 6000ವನ್ನು ಮಾತ್ರ ಬಿಡಬೇಕು. 5000 ಸಿಗಲಿಲ್ಲವೆಂದರೆ 6000ಕ್ಕೆ ಕೈ ಹೋಗುವುದು ಸಹಜ, ಸರ್ವರು ಸರಾಗವಾಗಿ ಚಾಲೂ ಆಗುವುದೂ ನಿಜ. ಆದರೆ ಯುನಿಕ್ಸ್ ಗಣಕಗಳ ಪರದೆ ವ್ಯವಸ್ಥೆಗೆ ಸೇರಿದ ಆ ಸಂಖ್ಯೆಯನ್ನು ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳು ಅಸುರಕ್ಷಿತವೆಂದು ಪಟ್ಟಿ ಮಾಡಿವೆ, ಅಲ್ಲಿನ ಪುಟವನ್ನು ತೆರೆಯಲು ಒಪ್ಪುವುದಿಲ್ಲ. 5001 ಅಥವಾ 8001 ಎಂದು ಕೊಟ್ಟರೆ, ಅದನ್ನು ಬೇರಾರೂ ಹಿಡಿಯದಿದ್ದಲ್ಲಿ, ಪುಟ ತೆರೆದುಕೊಳ್ಳುತ್ತದೆ.